ಹುಡುಗರ ಹಾಸ್ಟೆಲಿನ ಪೋರ್ಟ್

“ಹುಡುಗಿಯರ ಹಾಸ್ಟೆಲಿಗೆ ಇಂಟರ್ನೆಟ್ ಹೋಗುವ ಪೋರ್ಟಿಗೆ ಫಿಲ್ಟರ್ ಹಾಕಿ, ಒಂದು ಪ್ಯಾಕೆಟ್ ಡೇಟಾವೂ ದಾಟಬಾರದು,” ಎಂದರು ಪ್ರಾಂಶುಪಾಲ ನಿತ್ಯಾನಂದ. ಮೂಡಬಿದಿರೆಯ ಆ ಕಾಲೇಜಿನ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ ಉಝ್ಮಾಳ ಬೆರಳುಗಳು ಕೀಬೋರ್ಡಿನ ಮೇಲೆ ನಿಂತವು. ವಿದ್ಯಾರ್ಥಿನಿ ದೀಕ್ಷಿತಾಳಿಗೆ ಹೊಲಸು ಮೇಲ್‌ಗಳು ಬಂದದ್ದು ಹುಡುಗರ ಹಾಸ್ಟೆಲಿನಿಂದ ಎಂದು ಉಝ್ಮಾಳೇ ಪ್ರಾಂಶುಪಾಲರಿಗೆ ತೋರಿಸಿದ್ದಳು.

“ಕಳಿಸಿದವ ಅಲ್ಲಿದ್ದಾನೆ, ಬಾಗಿಲು ಹಾಕುವುದು ಇವರಿಗಾ ಸರ್?”

“ಹುಡುಗರು ಗಲಾಟೆ ಮಾಡ್ತಾರೆ. ಹೇಳಿದಷ್ಟು ಮಾಡಿ,” ಎಂದು ಅವರು ಹೊರಟುಹೋದರು.

ಉಝ್ಮಾ ಹಲ್ಲು ಕಚ್ಚಿ ಹುಡುಗರ ಪೋರ್ಟಿಗೇ ಫಿಲ್ಟರ್ ಹಾಕಿದಳು. ಸ್ವಲ್ಪ ಹೊತ್ತಿನಲ್ಲೇ ಹುಡುಗರ ಹಿಂಡು ಲ್ಯಾಬಿಗೆ ನುಗ್ಗಿತು.

“ನೆಟ್ ಯಾಕಿಲ್ಲ ಮೇಡಂ?”

“ನಾನೇ ನಿಲ್ಲಿಸಿದ್ದು. ದೀಕ್ಷಿತಾಳಿಗೆ ಬರೆದವ ಯಾರು ಹೇಳಿ, ಈಗಲೇ ಬಿಡ್ತೇನೆ.”

ಒಬ್ಬೊಬ್ಬರಾಗಿ ಎಲ್ಲರೂ ಹಿಂದೆ ನಿಂತಿದ್ದ ಒಬ್ಬ ಹುಡುಗನತ್ತ ತಿರುಗಿದರು.