ಎಲ್ಲ ಕಾಲಕ್ಕೂ ಒಂದೇ ಟೈರು

“ಇದನ್ನ ಹಾಕಿಸು, ಮೊದಲ್ನೇ ತಿರುವಲ್ಲೇ ಹಳ್ಳಕ್ಕೆ ಬೀಳ್ತೀಯ,” ಎಂದ ಅಣ್ಣ.

“ಬಿದ್ರೆ ಖುಷಿ ಪಡೋನು ನೀನೊಬ್ನೇ,” ಎಂದ ತಮ್ಮ.

ಟೈರ್ ಅಂಗಡಿಯ ಯಜಮಾನರ ಸೊಸೆ ಇನ್ನೊಂದು ಟೈರನ್ನು ಉರುಳಿಸಿಕೊಂಡು ಬಂದು ಇಬ್ಬರ ನಡುವೆ ನಿಲ್ಲಿಸಿದಳು. ಇವರ ನಡುವೆ ಏನಾದರೊಂದು ಅಡ್ಡವಿರುವುದು ಒಳ್ಳೆಯದೆಂದು ಅವಳಿಗೆ ಅಷ್ಟರಲ್ಲೇ ಗೊತ್ತಾಗಿತ್ತು.

ಅಣ್ಣ ನಿವೃತ್ತ ಗಣಿತದ ಮೇಷ್ಟ್ರು. ಬಸ್ಸು ತಡವಾಯಿತೆಂದು ಬರುವಾಗಲೇ ಸಿಡಿಮಿಡಿಗೊಂಡಿದ್ದ. ತಮ್ಮ ಬಡಗಿ. ಹೆಲ್ಮೆಟನ್ನು ಕೌಂಟರಿನ ಮೇಲೆ ಕುಕ್ಕಿ, ಬಟ್ಟೆಗೆ ಮೆತ್ತಿದ್ದ ಮರದ ಹೊಟ್ಟನ್ನೂ ಕೊಡವದೆ ಜಗಳಕ್ಕೆ ನಿಂತಿದ್ದ. ಇಬ್ಬರ ಮೂಗೂ ಒಂದೇ ಅಚ್ಚಿನದು. ಆ ಮೂಗಿನ ಮೇಲಿನ ಸಿಟ್ಟೂ ಅಷ್ಟೇ.

ಜಗಳದ ಮೂಲ ಅಪ್ಪನ ಕಾರು. ಸಾಯುವ ಮುಂಚೆ ಅವರು ಅದನ್ನು ಕಾಲಕ್ಕೆ ತಕ್ಕ ಹಾಗೆ ಭಾಗ ಮಾಡಿದ್ದರು: ಬೇಸಿಗೆಯಲ್ಲಿ ದೊಡ್ಡವನಿಗೆ, ಚಳಿಗಾಲದಲ್ಲಿ ಚಿಕ್ಕವನಿಗೆ. ಅಪ್ಪ ಹೋದ ದಿನವೇ ಆಸ್ಪತ್ರೆಯಲ್ಲಿ ಯಾರು ಕೂತಿದ್ದರು, ಯಾರು ಕೂರಲಿಲ್ಲ ಎಂಬ ಮಾತು ಬೆಳೆದು, ಒಬ್ಬರ ಹೊಸಿಲನ್ನು ಇನ್ನೊಬ್ಬರು ತುಳಿಯುವುದಿಲ್ಲವೆಂದು ಆಣೆ ಇಟ್ಟುಕೊಂಡರು. ಆಮೇಲೆ ಭೇಟಿಗೆ ಉಳಿದದ್ದು ಈ ಅಂಗಡಿಯೊಂದೇ. ಹಿಮ ಬೀಳುವ ಈ ಊರಲ್ಲಿ ಬೇಸಿಗೆ ಟೈರು ಚಳಿಗೆ ಕಲ್ಲಾಗುತ್ತದೆ, ಹಿಮದ ಟೈರು ಬಿಸಿಲಿಗೆ ಬೇಗ ಸವೆಯುತ್ತದೆ. ಹಾಗಾಗಿ ಕಾಲ ಬದಲಾದಾಗಲೆಲ್ಲ ಇಬ್ಬರೂ ಇಲ್ಲಿಗೆ ಬಂದು, ಒಬ್ಬನ ಟೈರು ಕಳಚಿಸಿ ಇನ್ನೊಬ್ಬನದು ಹಾಕಿಸಿ, ಬೈದಾಡಿಕೊಂಡು ಕೀಲಿಕೈ ಬದಲಾಯಿಸಬೇಕಿತ್ತು.

ಇದನ್ನೆಲ್ಲ ಮೇಷ್ಟ್ರು ಒಳಗೆ ಬಂದ ಕೂಡಲೇ ಸೊಸೆಗೆ ಹೇಳಿ, “ಅದಕ್ಕೇ ಆಲ್ ಸೀಸನ್ ಟೈರು ತೋರಿಸಮ್ಮ,” ಎಂದಿದ್ದ. “ಎಲ್ಲ ಕಾಲಕ್ಕೂ ಒಂದೇ ಆಗೋ ಅಂಥದ್ದು. ಆಮೇಲೆ ಈ ಪ್ರಾಣಿಯ ಮುಖ ನೋಡೋ ಕರ್ಮ ಇರಲ್ಲ.”

“ಬೇಗ ತೋರಿಸಿ,” ಎಂದಿದ್ದ ತಮ್ಮ. “ನಂಗೂ ಅದೇ ಬೇಕು.”

ಅಂದರೆ ಒಂದು ಟೈರು ಒಪ್ಪಿಗೆಯಾದರೆ ಅಣ್ಣತಮ್ಮಂದಿರ ಸಂಬಂಧ ಅಲ್ಲಿಗೆ ತೀರಿತು. ಸೊಸೆಗೆ ಒಂದು ಕ್ಷಣ ಕಸಿವಿಸಿಯಾಯಿತು. ಆದರೆ ಅಂಗಡಿ ಅವಳ ಕೈಗೆ ಬಂದದ್ದು ಇತ್ತೀಚೆಗೆ; ಮಾರಲಾರಳು ಎನ್ನಿಸಿಕೊಳ್ಳುವುದು ಅವಳಿಗೆ ಬೇಕಿರಲಿಲ್ಲ. “ಆ ಅಣ್ಣತಮ್ಮ ಬಂದ್ರೆ ಸಮಾಧಾನವಾಗಿ ತೋರ್ಸು, ತಗೊಳ್ಳಿ ಅಂತ ಒತ್ತಾಯ ಮಾಡ್ಬೇಡ,” ಎಂದು ಮಾವ ಹೇಳಿದ್ದರು. ವಯಸ್ಸಾದವರ ವ್ಯಾಪಾರವೇ ಹೀಗೆ, ಸಪ್ಪೆ, ಎಂದುಕೊಂಡಿದ್ದಳು.

“ಕಾರು ತಂದಿದ್ರೆ ಹಾಕೇ ನೋಡ್ಬಹುದಿತ್ತು,” ಎಂದಳು.

“ಸೈಜು ಬಾಯಿಪಾಠ ಇದೆ,” ಎಂದ ಮೇಷ್ಟ್ರು, ಹುಡುಗರನ್ನು ಗದರುವ ದನಿಯಲ್ಲಿ.

ಅವಳು ಹಲ್ಲು ಕಚ್ಚಿಕೊಂಡು ತೋರಿಸುತ್ತಾ ಹೋದಳು. ಒಂದರ ಗೆರೆಗಳು ಆಳವಿಲ್ಲ, ಮಳೆನೀರು ಹೊರಹೋಗದು ಎಂದ ಅಣ್ಣ. ಇನ್ನೊಂದರ ಗೆರೆ ಅತಿ ಆಳ, ಒಳ್ಳೆ ರಸ್ತೆಯಲ್ಲೂ ಗುಂಯ್‌ಗುಡುತ್ತದೆ ಎಂದ ತಮ್ಮ. ಮತ್ತೊಂದಕ್ಕೆ ಹಿಮದಲ್ಲಿ ಓಡುವ ಗುರುತೇ ಇಲ್ಲ. ಮಗದೊಂದಕ್ಕೆ ಗುರುತು ಇದೆ, ಆದರೆ ರಬ್ಬರು ತೀರಾ ಮೆತ್ತಗೆ.

“ನಿನ್ನ ತಲೆ ಹಾಗೆ,” ಎಂದ ಅಣ್ಣ.

“ಕೆಮ್ಮು ನಿಂತ ಹಾಗಿದೆ ನಿಂದು,” ಎಂದ ತಮ್ಮ. “ಹೋದ ಸಲ ಕೆಮ್ಮಿ ಕೆಮ್ಮಿ ಈ ಅಂಗಡಿನೇ ಅಲ್ಲಾಡಿಸಿಬಿಟ್ಟಿದ್ದೆ. ಔಷಧಿ ತಗೊಂಡ್ಯೋ, ಅಥವಾ ಜಿಪುಣತನ ಮಾಡ್ದೆಯೋ?”

“ನನ್ನ ಕೆಮ್ಮು ಕಟ್ಕೊಂಡು ನಿಂಗೇನು? ನಿನ್ನ ಬೆರಳು ನೋಡ್ಕೋ. ಗರಗಸ ಹಿಡಿಯೋಕೆ ಬರದವನು ಟೈರು ಆರಿಸೋಕೆ ಬಂದ.”

ತಮ್ಮ ಪಟ್ಟಿ ಕಟ್ಟಿದ್ದ ಬೆರಳನ್ನು ಬೆನ್ನ ಹಿಂದೆ ಮಾಡಿದ.

ಸೊಸೆಗೆ ರೋಸಿಹೋಯಿತು. ಒಳಗೆ ಹೋಗಿ ಗೋದಾಮಿನಲ್ಲಿದ್ದ ಅತ್ಯುತ್ತಮ ಟೈರನ್ನು ತಂದು ಧೊಪ್ಪನೆ ಹಾಕಿದಳು. ಮಳೆಗೆ ಹಿಡಿತ, ಬಿಸಿಲಿಗೆ ಬಾಳಿಕೆ, ಹಿಮದ ಗುರುತು, ಸದ್ದಿಲ್ಲದ ಓಟ. ತಯಾರಾದದ್ದು ಈಚಿನ ವಾರಗಳಲ್ಲಿ. ಇಬ್ಬರ ಒಂದೊಂದು ತಕರಾರಿಗೂ ಅವಳು ಉತ್ತರ ಕೊಟ್ಟಳು.

ಮೇಷ್ಟ್ರು ಕನ್ನಡಕ ಏರಿಸಿ ಸುತ್ತು ಹಾಕಿದ. ಬಡಗಿ ಹೆಬ್ಬೆರಳಿನಿಂದ ಒತ್ತಿ ನೋಡಿದ. ಹೇಳಲು ತಪ್ಪೊಂದೂ ಸಿಗಲಿಲ್ಲ.

“ಹಾಗಾದ್ರೆ ನಾಲ್ಕು ಕಟ್ಟಿಸ್ಲಾ?” ಎಂದಳು ಸೊಸೆ.

ತಮ್ಮ ಅಣ್ಣನ ಮುಖ ನೋಡಿದ. ಅಣ್ಣ ಗಂಟಲು ಸರಿಮಾಡಿಕೊಂಡ.

“ಬಣ್ಣ ಸ್ವಲ್ಪ ಕಪ್ಪು ಜಾಸ್ತಿಯಾಯ್ತು,” ಎಂದ.

“ಹೌದು,” ಎಂದ ತಮ್ಮ ಥಟ್ಟನೆ. “ನಂಗೂ ಹಾಗೇ ಅನ್ನಿಸ್ತು.”

ಹಿಮ ಬೀಳುವ ಮುಂಚೆ ಮತ್ತೆ ಬರುತ್ತೇವೆ, ಬೇರೆ ಮಾಲು ತರಿಸಿಡು ಎಂದು ಮೇಷ್ಟ್ರು ಅಪ್ಪಣೆ ಕೊಟ್ಟ. “ತಡವಾಗಿ ಬಂದ್ರೆ ಕಾಯಲ್ಲ ನಾನು,” ಎಂದು ಅಣ್ಣನ ಮೇಲೆ ಹರಿಹಾಯ್ದು ಬಡಗಿ ಹೆಲ್ಮೆಟ್ ಹಾಕಿಕೊಂಡ. ಬಾಗಿಲಲ್ಲಿ ಯಾರು ಮೊದಲು ಹೊರಗೆ ಹೋಗಬೇಕೆಂದು ಇನ್ನೊಂದು ಸುತ್ತು ಬೈದಾಟವಾಯಿತು. ಬಳಿಕ ಒಬ್ಬ ಬಸ್ ನಿಲ್ದಾಣದ ಕಡೆಗೆ, ಇನ್ನೊಬ್ಬ ಬೈಕಿನ ಕಡೆಗೆ ಹೋದರು.

ಊಟ ಮುಗಿಸಿ ಮಾವ ಬಂದಾಗ ಸೊಸೆ ಟೈರುಗಳನ್ನು ಒಂದೊಂದಾಗಿ ಒಳಗೆ ಉರುಳಿಸುತ್ತಿದ್ದಳು. ಮುಖ ಕೆಂಪಾಗಿತ್ತು.

“ಕಪ್ಪು ಜಾಸ್ತಿಯಂತೆ ಮಾವ, ಟೈರು! ಇನ್ನೊಂದ್ಸಲ ಬರ್ಲಿ, ಕಾರು ತರದೆ ಒಳಗೇ ಬಿಡಲ್ಲ.”

“ಎಲ್ಲಿಂದ ತರ್ತಾರಮ್ಮ?” ಎಂದರು ಮಾವ. “ಎಂಜಿನ್ ಕೆಟ್ಟು ಆ ಕಾರು ಗುಜರಿಗೆ ಹೋಗಿ ಎಷ್ಟೋ ವರ್ಷ ಆಯ್ತು. ಲಾರಿಗೆ ಹತ್ತಿಸುವಾಗ ಹಿಂದಿನಿಂದ ತಳ್ಳಿದೋರು ಅವರಿಬ್ರೇ.”