ತವರಿನ ಬಳುವಳಿ

ಮದುವೆಮನೆಯಲ್ಲಿ ಊಟ ಮಾಡಿದ ಮೊಮ್ಮಗಳ ಮುಖ ಊದಿಕೊಂಡಾಗಿನಿಂದ ಅತ್ತೆಯ ನಾಲಿಗೆಗೆ ಬಿಡುವೇ ಇರಲಿಲ್ಲ. ಪರೀಕ್ಷೆಗೆಂದು ಬಂದು ಡಾಕ್ಟರ ಮುಂದೆ ಕೂತಾಗಲೂ ಸೊಸೆಯ ಕಡೆ ನೋಡಿ ಮೂತಿ ತಿರುವಿದರು.

“ಅಲರ್ಜಿಯಂತೆ, ಅಲರ್ಜಿ! ನಮ್ಮ ವಂಶದಲ್ಲಿ ಈ ಹೆಸರೇ ಕೇಳಿಲ್ಲ. ಎಲ್ಲ ಇವಳ ತವರಿನ ಬಳುವಳಿ.”

ಸೊಸೆ ಹಲ್ಲು ಕಚ್ಚಿಕೊಂಡು ಮಗಳ ಕೈ ಅಲುಗದಂತೆ ಹಿಡಿದಿದ್ದಳು. ಡಾಕ್ಟರು ಅದರ ಮೇಲೆ ಬೇರೆ ಬೇರೆ ತಿನಿಸುಗಳ ರಸವನ್ನು ಸಾಲುಸಾಲಾಗಿ ಒಂದೊಂದೇ ಹನಿ ಹಾಕಿ ಸೂಜಿಯಿಂದ ಚುಚ್ಚಿದರು. ಸ್ವಲ್ಪ ಹೊತ್ತಿಗೆ ತರಕಾರಿಗಳ ಸಾಲಿನಲ್ಲಿ ಒಂದು ಚುಕ್ಕೆ ಸೊಳ್ಳೆ ಕಚ್ಚಿದ ಹಾಗೆ ಊದಿತು.

“ಬದನೆಕಾಯಿ. ಇನ್ಮೇಲೆ ಮನೇಲಿ ಮಾಡ್ಬೇಡಿ,” ಎಂದರು ಡಾಕ್ಟರು.

ಅತ್ತೆ ಮೂಗು ಮುರಿದರು.

“ನಮ್ಮನೇಲಿ ಅದನ್ನ ಯಾರು ಮಾಡ್ತಾರೆ ಡಾಕ್ಟ್ರೇ? ಒಂದು ಹೋಳು ತಿಂದ್ರೆ ನಂಗೂ ಮೈಯೆಲ್ಲ ದದ್ದು, ನನ್ನ ಮಗಂಗೂ ದದ್ದು. ನಮ್ಮ ವಂಶಕ್ಕೇ ಬದನೆಕಾಯಿ ನಂಜು!”