ಸಬ್‌ವೂಫರ್ ಇಡುವ ಮೂಲೆ

ಹತ್ತಡಿ ಅಗಲದ ಆ ಪುಟ್ಟ ಕೋಣೆಗೆ ಒಂದೇ ಸಬ್‌ವೂಫರ್ ಸಾಕೆಂದು ಸ್ಪೀಕರ್ ಕೂರಿಸುವ ಮುನೀರ್ ಎಷ್ಟು ಹೇಳಿದರೂ ಕೇಳದೆ, ಮನೆಯ ಯಜಮಾನರು ಎರಡು ತರಿಸಿದ್ದರು.

"ಇದರ ಬೇಸ್, ಆ ಧಂ ಧಂ ಅನ್ನೋ ಸದ್ದು, ಗೋಡೆ ದಾಟಿ ಹೋಗುತ್ತೆ ಸಾರ್. ಆಚೆ ರೂಮಲ್ಲಿ ಯಾರಿದಾರೆ?" ಎಂದು ಮುನೀರ್ ಕೇಳಿದ.

"ನಮ್ಮತ್ತಿಗೆ. ಹಾರ್ಟ್ ಪೇಷೆಂಟು, ಪಾಪ. ಅಣ್ಣ ಹೋದ್ಮೇಲೆ ಅರ್ಧ ಮನೆ ಅವರದೇ. ಮಾರೋಣ ಅಂದ್ರೆ ಒಪ್ಪಲ್ಲ, ಇಲ್ಲೇ ಪ್ರಾಣ ಬಿಡ್ತೀನಿ ಅಂತಾರೆ. ನಾನು ಅವರ ಹತ್ರ ಹೋಗಿ ನಿಂತ್ಕೋತೀನಿ, ನೀವು ಒಂದೊಂದು ಕಡೆ ಇಟ್ಟು ನುಡಿಸ್ತಾ ಹೋಗಿ."

ಮುನೀರನಿಗೆ ಮನಸ್ಸು ತುಂಬಿ ಬಂತು. ಹದಿನೈದು ವರ್ಷಗಳಲ್ಲಿ ಅವನು ಕಂಡ ಗಿರಾಕಿಗಳೆಲ್ಲ ತಮ್ಮ ಕುರ್ಚಿಯಲ್ಲಿ ಕೂತು, ತಮ್ಮ ಕಿವಿಗೆ ಹಿತವಾದರೆ ಸಾಕು ಎನ್ನುವವರೇ. ಗೋಡೆಯಾಚೆಯವರಿಗಾಗಿ ಎದ್ದು ಹೋದವರು ಇವರೊಬ್ಬರೇ.

ಆ ಭಾರದ ಪೆಟ್ಟಿಗೆಯನ್ನು ಬಾಗಿಲ ಪಕ್ಕ ಇಟ್ಟು ನುಡಿಸಿದ. "ಬೇಡ," ಎಂದು ಆಚೆಯಿಂದ ಯಜಮಾನರ ಕೂಗು ಬಂತು. ಕಿಟಕಿಯ ಕೆಳಗಿಟ್ಟ. "ಊಹೂಂ." ಕುರ್ಚಿಯ ಹಿಂದಿಟ್ಟ. "ಇದೂ ಬೇಡ." ಬೆವರು ಸುರಿಯುತ್ತಿದ್ದರೂ ಅವನಿಗೆ ಬೇಸರವಾಗಲಿಲ್ಲ. ಕೊನೆಗೆ ಉಳಿದದ್ದು ನಡುಗೋಡೆಯ ಮೂಲೆ. ಅಲ್ಲಂತೂ ಆಗುವುದೇ ಇಲ್ಲ ಎಂದುಕೊಂಡೇ ಇಟ್ಟು ನುಡಿಸಿದ. ಆಚೆ ಲೋಟ ಬಿದ್ದ ಸದ್ದಾಯಿತು. ಅವನು ಗಾಬರಿಯಿಂದ ಸ್ವಿಚ್ ಆರಿಸಿದ.

ಯಜಮಾನರು ಬಾಗಿಲಿಗೆ ಬಂದು ನಿಂತರು.

"ಎರಡನ್ನೂ ಇದೇ ಮೂಲೆಗೆ ಕೂರಿಸಿ. ಅತ್ತಿಗೆ ಎದೆ ಹಿಡ್ಕೊಂಡು ಎದ್ದು ಕೂತ್ರು."